ರೂಮಿನಲ್ಲಿ ಹುಲಿ

ಕನ್ನಡಕದಂಗಡಿಯ ಯಜಮಾನನಿಗೆ ತನ್ನ ಹೆಂಡತಿಯ ತಮ್ಮನನ್ನು ಕಂಡರೆ ಆಗುತ್ತಿರಲಿಲ್ಲ. ಇದರಲ್ಲಿ ಹೇಳಿಕೊಳ್ಳುವಂಥ ವಿಶೇಷವೇನೂ ಇಲ್ಲ. ಭಾವ ಭಾಮೈದರು ಎಣ್ಣೆ ಸೀಗೆಕಾಯಿಯಂತಿರುವುದು ಲೋಕದಲ್ಲಿ ಇದೇ ಮೊದಲಲ್ಲ. ಆದರೆ ಇವರ ಜಗಳಕ್ಕೆ ಆಸ್ತಿ ಕಾರಣವಲ್ಲ, ಅಂತಸ್ತು ಕಾರಣವಲ್ಲ. ಗಿಟಾರಿನ ಆಂಪ್ಲಿಫೈಯರ್ ಮೇಲೆ ಬೆರಳ ತುದಿಯಷ್ಟು ದೊಡ್ಡದಾಗಿ ಕೂತಿರುವ ಒಂದು ನಾಬು ಕಾರಣ.

ಯಜಮಾನ ವಾರವೆಲ್ಲ ಜನರ ಕಣ್ಣಿನ ಮುಂದೆ ಲೆನ್ಸು ಬದಲಿಸುತ್ತ "ಈಗ ಚೆನ್ನಾಗಿ ಕಾಣುತ್ತಾ, ಈಗಲಾ?" ಎಂದು ಕೇಳುತ್ತಿದ್ದ. ವಾರದ ಕೊನೆಗೆ ಒಂದು ಬ್ಯಾಂಡಿನಲ್ಲಿ ಎಲೆಕ್ಟ್ರಿಕ್ ಗಿಟಾರ್ ಬಾರಿಸುತ್ತಿದ್ದ. ಬ್ಯಾಂಡಿಗೆ ಹಿರಿಯ ಡ್ರಮ್ಮಿನವನು, ಅವನದು ಟಯರ್ ಅಂಗಡಿ. ಹೊಡೆಯುವುದು ಅವನಿಗೆ ಹಗಲೂ ಅಭ್ಯಾಸ. ಹಾಡುವವಳು ಯಜಮಾನನ ಹೆಂಡತಿ. ಬೇಸ್ ಗಿಟಾರಿನವನೊಬ್ಬನಿದ್ದ, ಅವನು ಮಾತಾಡಿದ್ದನ್ನು ಯಾರೂ ಕೇಳಿಲ್ಲವಾದ್ದರಿಂದ ಅವನನ್ನು ಅವನ ಪಾಡಿಗೆ ಬಿಡೋಣ. ಇನ್ನು ಮೈಕು, ಸ್ಪೀಕರು, ವೈರುಗಳ ಉಸ್ತುವಾರಿ ಭಾಮೈದನದು. ಎಲ್ಲರೂ ಅವನನ್ನು ಸೌಂಡು ಎಂದೇ ಕರೆಯುತ್ತಿದ್ದರು. ಭಾವ ಮಾತ್ರ 'ಅವನು' ಎನ್ನುತ್ತಿದ್ದ.

ಆಂಪ್ಲಿಫೈಯರ್ ಮೇಲೆ ಮೂರು ನಾಬು. ಎಡಗಡೆ ಬೇಸ್, ಅದು ಎದೆಗೆ ಗುದ್ದುವ ಬುಡದ ದನಿ. ಬಲಗಡೆ ಟ್ರೆಬಲ್, ಅದು ಕಿವಿಗೆ ಚುಚ್ಚುವ ಮೇಲಿನ ದನಿ. ನಡುವೆ ಇರುವುದು ಮಿಡ್. ಈ ಮಿಡ್ಡಿನ ಮೇಲೆ ಯಜಮಾನನಿಗೆ ಮೊದಲಿನಿಂದಲೂ ಹಗೆ. ಅದನ್ನು ಸೊನ್ನೆಗೆ ತಿರುಗಿಸಿ, ಉಳಿದೆರಡನ್ನು ಎಷ್ಟು ಹೋಗುತ್ತದೋ ಅಷ್ಟು ಏರಿಸಿ, ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬನೇ ನಿಂತು ಒಮ್ಮೆ ಬಾರಿಸಿದರೆ ಶೋಕೇಸಿನ ಕನ್ನಡಕಗಳೆಲ್ಲ ಗದಗದ ನಡುಗುತ್ತಿದ್ದವು. ಅವುಗಳಿಗಿಂತ ಒಳ್ಳೆಯ ಶ್ರೋತೃಗಳು ಅವನಿಗೆ ಬೇಕಾಗಿರಲಿಲ್ಲ.

"ಮಧ್ಯದವರನ್ನ ನಾನು ಎಲ್ಲೂ ಸೇರಿಸೋನಲ್ಲ" ಎನ್ನುತ್ತಿದ್ದ. "ಲೆನ್ಸು ಕೂಡ ನೇರ ಫ್ಯಾಕ್ಟರಿಯಿಂದ ತರಿಸ್ತೀನಿ. ಮಧ್ಯ ಬರೋರೆಲ್ಲ ಕೆಲಸ ಕೆಡಿಸೋರೇ."

ತೊಂದರೆ ಏನೆಂದರೆ, ಬ್ಯಾಂಡಿನ ಜೊತೆ ಬಾರಿಸಿದಾಗ ಈ ಗಿಟಾರು ಯಾರಿಗೂ ಕೇಳಿಸುತ್ತಿರಲಿಲ್ಲ.

"ಭಾವ, ನಿಮ್ಮ ಗಿಟಾರು ರೂಮಲ್ಲಿ ಹುಲಿ, ಸ್ಟೇಜಲ್ಲಿ ಇಲಿ" ಎಂದು ಭಾಮೈದ ಎಲ್ಲರೆದುರೇ ಅಂದ.

"ನೀನು ಬೇಕಂತಲೇ ಇಳಿಸ್ತಿದ್ದೀಯ. ನನಗೆ ಗೊತ್ತಿಲ್ವಾ?"

"ನಾನು ಏರಿಸಿ ಏರಿಸಿ ಕೈ ನೋಯ್ತಿದೆ. ಏರಿಸೋಕೆ ಏನಾದ್ರೂ ಇರಬೇಕಲ್ಲ! ಬುಡದಲ್ಲಿ ಡ್ರಮ್ಮು, ಬೇಸ್ ಗಿಟಾರು ಇದಾವೆ. ಮೇಲೆ ಡ್ರಮ್ಮಿನವನ ತಾಳದ ತಟ್ಟೆ ಇದೆ. ಗಿಟಾರಿನ ಮನೆ ಇರೋದು ನಡುವೆ. ನಿಮ್ಮ ಮನೆಗೆ ನೀವೇ ಬೀಗ ಹಾಕಿ ಕಂಡವರ ಜಗಲಿ ಮೇಲೆ ಕೂತ್ಕೊಂಡು, ನನ್ನನ್ನ ಯಾರೂ ಕರೀಲಿಲ್ಲ ಅಂದ್ರೆ?"

"ಮಧ್ಯ ಬಾಯಿ ಹಾಕ್ಬೇಡ."

"ಅದೇ ನಿಮ್ಮ ಕಾಯಿಲೆ."

ಟಯರ್ ಅಂಗಡಿಯವನು ಮಾತಿನಲ್ಲಿ ಜಿಪುಣ. ಅವತ್ತು ಮಾತ್ರ ಸ್ವಲ್ಪ ಧಾರಾಳವಾದ. "ಬರೋ ಶನಿವಾರ ಸಂಘದ ಹಾಲಲ್ಲಿ ಪ್ರೋಗ್ರಾಮು. ಗಿಟಾರು ಕೇಳಿಸಿದ್ರೆ ಸರಿ. ಇಲ್ದಿದ್ರೆ ಕೀಬೋರ್ಡಿನ ಹುಡುಗಿ ಬರ್ತಾಳೆ. ಅವಳ ಪೆಟ್ಟಿಗೆಯಲ್ಲಿ ಗಿಟಾರ್ ಅಂತ ಒಂದು ಬಟನ್ನೇ ಇದೆಯಂತೆ."

ಮನುಷ್ಯನ ಜಾಗಕ್ಕೆ ಇನ್ನೊಬ್ಬ ಮನುಷ್ಯ ಬಂದರೆ ಹೇಗೋ ತಡೆದುಕೊಳ್ಳಬಹುದು. ಬಟನ್ನು ಬರುತ್ತದೆ ಎಂದರೆ? ಯಜಮಾನನಿಗೆ ಬ್ಯಾಂಡನ್ನು ಬಿಟ್ಟರೆ ಬೇರೆ ದೊಡ್ಡಸ್ತಿಕೆ ಇರಲಿಲ್ಲ. ಅಂಗಡಿಯಲ್ಲಿ ಜನ ಅವನ ಎದುರು ಕೂತು ಗೋಡೆಯ ಮೇಲಿನ ಅಕ್ಷರ ನೋಡುತ್ತಿದ್ದರೇ ಹೊರತು ಅವನನ್ನು ನೋಡುತ್ತಿರಲಿಲ್ಲ. ಜನ ಅವನ ಕಡೆ ಮುಖ ಮಾಡಿ ಕೂರುವ ಜಾಗ ಲೋಕದಲ್ಲಿ ಅದೊಂದೇ ಇದ್ದದ್ದು.

ಮಾರನೆಯ ದಿನವೇ ಒಂದು ಈಕ್ವಲೈಜರ್ ತಂದ. ಕಾಲಿನಿಂದ ತುಳಿಯುವ ಪುಟ್ಟ ಪೆಟ್ಟಿಗೆ. ಒಮ್ಮೆ ತುಳಿದರೆ ಶುರು, ಇನ್ನೊಮ್ಮೆ ತುಳಿದರೆ ಬಂದ್. ಅದರ ಮೇಲೆ ಸಾಲಾಗಿ ಮೇಲೆ ಕೆಳಗೆ ಜಾರುವ ಕಡ್ಡಿಗಳು, ಒಂದೊಂದು ಕಡ್ಡಿಗೂ ದನಿಯ ಒಂದೊಂದು ಪಾಲು. ಮೂರು ನಾಬಿನಲ್ಲಿ ಮಾಡಿದ್ದ ತಪ್ಪನ್ನು ಇಷ್ಟೊಂದು ಕಡ್ಡಿಗಳಲ್ಲಿ ಮತ್ತಷ್ಟು ನಾಜೂಕಾಗಿ ಮಾಡಬಹುದಿತ್ತು. ಮಾಡಿದ. ಎರಡು ತುದಿಯ ಕಡ್ಡಿಗಳನ್ನು ಏರಿಸಿ, ನಡುವಿನವನ್ನು ಪಾತಾಳಕ್ಕೆ ಇಳಿಸಿದ. ಸಾಲು ಬಾಗಿ ನಗುವ ಬಾಯಿಯ ಹಾಗಾಯಿತು. ಟಯರ್ ಅಂಗಡಿಯ ಹಿಂದಿನ ಗೋದಾಮಿನಲ್ಲಿ ಅಭ್ಯಾಸಕ್ಕೆ ಸೇರಿದಾಗ ಅದನ್ನು ಎಲ್ಲರಿಗೂ ತೋರಿಸಿದ.

"ನೋಡಿ ಹೇಗೆ ನಗ್ತಿದೆ!"

"ನಿಮ್ಮನ್ನ ನೋಡಿ ನಗ್ತಿದೆ ಭಾವ" ಎಂದ ಭಾಮೈದ.

ಹಾಡು ಶುರುವಾಯಿತು. ಗಿಟಾರು ಕೇಳಿಸಲಿಲ್ಲ. ಹಾಡು ನಿಂತಿತು. ಜಗಳ ಶುರುವಾಯಿತು. ಅದು ಚೆನ್ನಾಗಿ ಕೇಳಿಸಿತು.

"ನನ್ನ ಕಾಲ ಹತ್ರ ನಿಂತು ಕೇಳು, ಕಿವುಡ! ಇಲ್ಲಿ ನೆಲ ಅದುರ್ತಿದೆ!"

"ಜನ ನಿಮ್ಮ ಕಾಲ ಹತ್ರ ಕೂರಲ್ಲ ಭಾವ, ಅಷ್ಟು ದೊಡ್ಡವರಾಗಿಲ್ಲ ನೀವು."

"ಕೇಳಿದ್ಯಾ ನಿನ್ನ ತಮ್ಮನ ಮಾತು?" ಎಂದು ಯಜಮಾನ ಹೆಂಡತಿಯ ಕಡೆ ತಿರುಗಿದ. "ಅಷ್ಟಕ್ಕೂ ನಾನು ಮಿಡ್ ಇಳಿಸಿರೋದು ನಿನಗೋಸ್ಕರ. ನಿನ್ನ ದನಿಗೆ ಜಾಗ ಇರ್ಲಿ ಅಂತ."

ಹೆಂಡತಿ ಮೈಕನ್ನು ಕೆಳಗಿಟ್ಟಳು. "ನಾನು ಕೇಳಿದ್ನಾ? ಮನೆಯಲ್ಲಿ ಬೀರುವಿನಲ್ಲಿ ಒಂದು ಖಾನೆ ಕೇಳಿ ಕೇಳಿ ಸಾಕಾಯ್ತು, ಅದನ್ನ ಬಿಟ್ಟುಕೊಡಲಿಲ್ಲ. ಇಲ್ಲಿ ಕೇಳದೇ ಇರೋ ದಾನ!" ಆಮೇಲೆ ಗಿಟಾರಿನ ಪಟ್ಟಿಯನ್ನು ಅವನ ಹೆಗಲಿಂದ ಎಳೆದು ತನ್ನ ಕೊರಳಿಗೆ ಹಾಕಿಕೊಂಡಳು. "ಗಿರಾಕಿಗಳನ್ನ ದೂರ ಕೂರಿಸಿ ಅಕ್ಷರ ಓದಿಸ್ತೀರಲ್ಲ. ಗೋಡೆಗೆ ಮೂಗು ತಾಗಿಸಿ ಓದಿ ಅಂತೀರಾ? ಹೋಗಿ, ಆ ಬಾಗಿಲ ಹತ್ರ ನಿಂತ್ಕೊಳ್ಳಿ."

ಮದುವೆಯಾದ ಹೊಸದರಲ್ಲಿ, ಗಂಡಸರಿಗೆ ಹೆಂಡತಿಗೆ ಏನಾದರೂ ಕಲಿಸುವ ಹುರುಪಿರುವ ದಿನಗಳಲ್ಲಿ, ಅವನು ಅವಳಿಗೆ ಗಿಟಾರಿನ ಒಂದೇ ಒಂದು ಕಾರ್ಡ್, ಅಂದರೆ ಹಲವು ತಂತಿ ಒಟ್ಟಿಗೆ ಒತ್ತುವ ಬೆರಳ ಹಿಡಿತ, ಕಲಿಸಿದ್ದ. ಹುರುಪು ಅಲ್ಲಿಗೇ ನಿಂತಿತ್ತು. ಈಗ ಅವಳು ಅದನ್ನೇ ಹಿಡಿದಳು. ಡ್ರಮ್ಮು, ಬೇಸ್ ಗಿಟಾರು ಜೊತೆಗೂಡಿದವು.

ಯಜಮಾನ ಟಯರುಗಳ ರಾಶಿ ದಾಟಿ ಬಾಗಿಲ ಬಳಿ ಕಿವಿಗೊಟ್ಟು ನಿಂತ. ಹೆಂಡತಿಯ ಕೈ ತಂತಿಯ ಮೇಲೆ ಆಡುತ್ತಿರುವುದು ಸ್ಪಷ್ಟವಾಗಿ ಕಾಣುತ್ತಿತ್ತು. ದನಿ ಮಾತ್ರ ಇಲ್ಲ. ಬುಡದ ಗುಡುಗು ಡ್ರಮ್ಮಿನಲ್ಲಿ ಕರಗಿಹೋಗಿತ್ತು, ಮೇಲಿನ ಚುರುಕು ತಾಳದ ತಟ್ಟೆಯ 'ತ್ಸ್' ಎಂಬುದರೊಳಗೆ ಸೇರಿಹೋಗಿತ್ತು.

"ಜೋರಾಗಿ ಹೊಡಿಯೇ!" ಎಂದು ಕೂಗಿದ.

ಅವಳು ಅವನನ್ನೇ ಮನಸ್ಸಿನಲ್ಲಿಟ್ಟುಕೊಂಡವಳ ಹಾಗೆ ಹೊಡೆದಳು. ಊಹೂಂ.

ಆಗ ಭಾಮೈದ ಬಗ್ಗಿ, ನಡುವಿನ ಕಡ್ಡಿಗಳನ್ನು ಮೇಲಕ್ಕೆ ತಳ್ಳಿದ. ಗಿಟಾರು ಮುಸುಕು ಕಿತ್ತೆಸೆದು ಎದ್ದು ಬಂತು. ಆದರೆ ಎಂಥ ದನಿ! ಮೂಗು ಹಿಡಿದುಕೊಂಡು ಜಗಳಕ್ಕೆ ಬಂದ ಪಕ್ಕದ ಮನೆಯಾಕೆಯ ಹಾಗೆ.

"ಥೂ! ಇದು ನನ್ನ ದನಿ ಅಲ್ಲ."

"ಇದೇ ನಿಮ್ಮ ದನಿ" ಎಂದಳು ಹೆಂಡತಿ. "ಮನೆಯಲ್ಲಿ ದಿನಾ ಕೇಳೋಳು ನಾನು. ಮೊದಲಿಂದು ಚೆನ್ನಾಗಿತ್ತಾ, ಈಗಲಾ?"

ಯಜಮಾನ ದಿನವೂ ಊರವರಿಗೆ ಹಾಕುವ ಪ್ರಶ್ನೆ ತಿರುಗಿ ಅವನಿಗೇ ಬಂದಿತ್ತು. ಗಿಟಾರು ಕಿತ್ತುಕೊಂಡು, ಯಾರಿಗೂ ಹೇಳದೆ ಮನೆಗೆ ಹೋದ.

ಆ ವಾರ ಅಂಗಡಿಗೆ ಬಂದ ಗಿರಾಕಿಗಳ ಪಾಡು ನಾಯಿಪಾಡು. "ಎರಡೂ ಒಂದೇ ಥರ ಕಾಣುತ್ತೆ" ಎಂದ ಒಬ್ಬ ಮುದುಕನಿಗೆ "ಹಾಗಾದ್ರೆ ಕಣ್ಣು ಮುಚ್ಕೊಂಡು ಓಡಾಡಿ" ಎಂದು ಗದರಿಸಿದ. ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು, ನಡುವಿನ ಕಡ್ಡಿಗಳನ್ನು ಏರಿಸಿ ಬಾರಿಸಿ ಕೇಳಿದ. ಒಂಟಿಯಾಗಿ ಕೇಳಿದರೆ ಆ ದನಿ ಇನ್ನೂ ಅಸಹ್ಯ. ಮತ್ತೆ ಇಳಿಸಿದ, ಕನ್ನಡಕಗಳು ನಡುಗಿ ಮೆಚ್ಚುಗೆ ತಿಳಿಸಿದವು. ಸೊಗಸಾದ ದನಿ ಇಟ್ಟುಕೊಂಡು ಮನೆಯಲ್ಲಿ ಕೂರಬೇಕು, ಇಲ್ಲವೇ ಮೂಗಿನ ದನಿ ಇಟ್ಟುಕೊಂಡು ಸ್ಟೇಜಿನಲ್ಲಿ ನಿಲ್ಲಬೇಕು. ಎರಡಕ್ಕಿಂತಲೂ ಕಹಿಯಾದದ್ದು ಇನ್ನೊಂದಿತ್ತು: 'ಅವನು' ಹೇಳಿದ್ದೇ ಸರಿ ಎಂದು ಒಪ್ಪಿಕೊಳ್ಳುವುದು.

ಶನಿವಾರ ಸಂಘದ ಹಾಲು ತುಂಬಿತ್ತು. ಯಜಮಾನ ಹಟಕ್ಕೆ ಬಿದ್ದು ಕಡ್ಡಿಗಳ ನಗುವ ಬಾಯಿಯನ್ನೇ ಇಟ್ಟುಕೊಂಡು ಸ್ಟೇಜು ಹತ್ತಿದ. ಮೊದಲ ಹಾಡು ಮುಗಿಯಿತು. ಜನ ಹಾಡಿದವಳಿಗೆ ಚಪ್ಪಾಳೆ ತಟ್ಟಿದರು. ಎರಡನೆಯದರ ನಡುವೆ ಮುಂದಿನ ಸಾಲಿನಲ್ಲಿ ಒಬ್ಬ ಹುಡುಗಿ ಕೂತಿರುವುದು ಕಂಡಿತು. ಮೊಣಕಾಲ ಮೇಲೆ ಉದ್ದನೆಯ ಕಪ್ಪು ಚೀಲ. ಅದರಲ್ಲಿ ಕೀಬೋರ್ಡಲ್ಲದೆ ಬೇರೇನೂ ಹಿಡಿಸುವಂತಿರಲಿಲ್ಲ. ಟಯರ್ ಅಂಗಡಿಯವನು ಅವಳನ್ನು ಮೊದಲೇ ಕರೆಸಿ ಕೂರಿಸಿದ್ದ!

ಯಜಮಾನ ಬಗ್ಗಿ, ನಡುವಿನ ಕಡ್ಡಿಗಳನ್ನೆಲ್ಲ ಒಂದೇ ಸಲ ಮೇಲಕ್ಕೆ ತಳ್ಳಿದ.

ಗಿಟಾರು ಹಾಲಿನ ಕೊನೆಯ ಗೋಡೆಗೆ ಹೋಗಿ ಬಡಿಯಿತು. ಹಿಂದಿನ ಸಾಲಿನವರು ಕತ್ತು ಉದ್ದ ಮಾಡಿದರು. ಜನ ಮೊದಲ ಬಾರಿ ಅವನ ಕೈ ನೋಡಿದರು. ಅವನ ಎದೆ ಉಬ್ಬಿತು. ಉಬ್ಬುವಷ್ಟರಲ್ಲಿ ಹೆಂಡತಿ ಮೈಕಿಗೆ ಕೈ ಅಡ್ಡ ಹಿಡಿದು ಹಲ್ಲು ಕಡಿದಳು: "ರೀ, ನಾನಿನ್ನೂ ಹಾಡ್ತಿದ್ದೀನಿ!"

ಹಾಡುವ ದನಿಯ ಮನೆಯೂ ಅದೇ ನಡುಮನೆ ಎಂಬುದನ್ನು ಅವನು ಯೋಚಿಸಿರಲಿಲ್ಲ.

"ನಾನು ಬಾಯಿ ಮುಚ್ಚಿದಾಗ ಪೆಟ್ಟಿಗೆ ತುಳೀರಿ, ತೆಗೆದಾಗ ಬಂದ್ ಮಾಡಿ" ಎಂದಳು ಮುಂದಿನ ಹಾಡಿಗೆ ಮೊದಲು. "ಅಷ್ಟೂ ಆಗಲ್ವಾ?"

ಆಯಿತು. ಅವಳು ಹಾಡಿದಾಗ ಅವನು ಕಾಣೆಯಾದ, ನಿಲ್ಲಿಸಿದಾಗ ತುಳಿದು ಪ್ರತ್ಯಕ್ಷನಾದ. ಒಂದೆರಡು ಕಡೆ ಅವಳು ಬರೀ ಉಸಿರೆಳೆದುಕೊಂಡಿದ್ದನ್ನೇ ಮುಗಿಯಿತೆಂದು ತಿಳಿದು ನುಗ್ಗಿ, ಕೆಂಗಣ್ಣಿನ ಏಟು ತಿಂದು ಹಿಂದೆ ಸರಿದ. ಮೂರನೆಯ ಹಾಡಿನಲ್ಲಿ ಗಿಟಾರಿಗೆಂದೇ ಬಿಟ್ಟ ಜಾಗ ಬಂತು. ಕಣ್ಣು ಮುಚ್ಚಿ, ತಲೆ ಎತ್ತಿ, ಎಂದೂ ಬಾರಿಸದಷ್ಟು ಆನಂದದಿಂದ ಬಾರಿಸಿದ.

ಪ್ರೋಗ್ರಾಮು ಮುಗಿದು ವೈರು ಸುತ್ತುವಾಗ ಟಯರ್ ಅಂಗಡಿಯವನು ಬಂದು ನಿಂತ. "ಕೇಳಿಸ್ತು" ಎಂದ.

ಯಜಮಾನ ಭಾಮೈದನ ಕಡೆ ಗೆದ್ದ ನೋಟ ಬೀರಿದ.

"ಎಲ್ಲಾನೂ ಕೇಳಿಸ್ತು. ಮೂರನೇ ಹಾಡಿನ ನಡುವೆ ಏನೋ ಬಾರಿಸಿದ್ರಲ್ಲ, ಅದು ಯಾವ ಹಾಡಿಂದು?"

"ಯಾವ ಹಾಡಿಂದು ಅಂದ್ರೆ? ಅದೇ ಹಾಡಿಂದು. ಅದನ್ನ ನಾನು ಯಾವಾಗಲೂ ಹಾಗೇ ಬಾರಿಸೋದು."

"ಯಾವಾಗಲೂನಾ?"

ಎಲ್ಲರೂ ಅವನ ಕಡೆ ತಿರುಗಿದರು. ಬೇಸ್ ಗಿಟಾರಿನವನೂ ತಿರುಗಿದ.

"ಇಷ್ಟು ವರ್ಷ ಇವರನ್ನ ನಾನೇ ಅಡಗಿಸಿಟ್ಟಿದ್ದೀನಿ ಅಂತ ಊರೆಲ್ಲ ಸಾರಿದ್ರು" ಎಂದ ಭಾಮೈದ, ವೈರು ಸುತ್ತುತ್ತಲೇ. "ಊರವರಿಗೆ ಮಾಡದೇ ಇದ್ದ ಉಪಕಾರಕ್ಕೆ ಬೈಸಿಕೊಂಡೆ ನಾನು. ಮಾಡಬೇಕಿತ್ತು."

"ನೀನು ಸುಮ್ನಿರು!"

"ಹುಡುಗಿಗೆ ಬೇಡ ಅಂತ ಹೇಳಿದೀನಿ, ಸದ್ಯಕ್ಕೆ" ಎಂದ ಟಯರ್ ಅಂಗಡಿಯವನು. "ಕೇಳಿಸಲಿ ಅಂದಿದ್ದೆ, ಕೇಳಿಸ್ತು, ಮಾತು ಮಾತೇ. ಆದ್ರೆ ಆ ಜಾಗ ಸರಿಯಾಗಿ ಕಲ್ತ್ಕೊಂಡು ಬನ್ನಿ. ಎಲ್ಲಾ ಹಾಡಿನ ಎಲ್ಲಾ ಜಾಗಾನೂ ಬಾಯಿಪಾಠ ಇರೋದು ಸೌಂಡೊಬ್ಬನಿಗೇ. ಅವನು ಹೇಳ್ಕೊಡ್ತಾನೆ, ಗೋದಾಮಿಗೆ ಬನ್ನಿ."

ಯಜಮಾನನ ಮುಖ ಕೆಂಪಗಾಯಿತು, ಆಮೇಲೆ ಕಪ್ಪಗಾಯಿತು. ಗಿಟಾರನ್ನು ಅಲ್ಲೇ ಬಿಟ್ಟು ಹೊರಟುಹೋಗಬಹುದಿತ್ತು. ಹಾಲಿನ ಖಾಲಿ ಕುರ್ಚಿಗಳೆಲ್ಲ ಇನ್ನೂ ಸ್ಟೇಜಿನ ಕಡೆ ಮುಖ ಮಾಡಿಕೊಂಡೇ ಇದ್ದವು. ಅವನು ಆ ಕುರ್ಚಿಗಳನ್ನೇ ನೋಡಿದ.

"ಯಾವಾಗ ಬರಬೇಕಂತೆ?" ಎಂದ, ಟಯರ್ ಅಂಗಡಿಯವನಿಗೆ.

"ಮಂಗಳವಾರ ಸಂಜೆ" ಎಂದ ಭಾಮೈದ.

ಯಜಮಾನ ಟಯರ್ ಅಂಗಡಿಯವನನ್ನೇ ನೋಡುತ್ತ ಮತ್ತೆ ಕೇಳಿದ: "ಯಾವಾಗ ಅಂದ್ರಿ?"

"ಮಂಗಳವಾರ ಸಂಜೆ" ಎಂದ ಟಯರ್ ಅಂಗಡಿಯವನು.

"ಹಾಂ, ಈಗ ಕೇಳಿಸ್ತು" ಎಂದು ಯಜಮಾನ ಗಿಟಾರನ್ನು ಪೆಟ್ಟಿಗೆಯೊಳಗಿಟ್ಟು, ಭಾಮೈದ ಸುತ್ತಿಟ್ಟಿದ್ದ ವೈರನ್ನು ಬಿಚ್ಚಿ ತಾನೇ ಇನ್ನೊಮ್ಮೆ ಸುತ್ತತೊಡಗಿದ.