ಭಂಡಾರ ಹಚ್ಚಿದ ಸಾಲು

ಗಲಗಲಿಯ ಹೊಳೆದಂಡೆಯಲ್ಲಿ ದಾನಿಯೇಲಪ್ಪ ಪಾಸ್ಟರರ ಸ್ಮಾರಕದ ಕರಿಕಲ್ಲು ನಿಂತು ಎರಡು ವರ್ಷವಾಗಿತ್ತು. ಆ ಎರಡು ವರ್ಷವೂ ಮಾಯವ್ವ ದಿನಾ ಮುಂಜಾನೆ ಹೋಗಿ, ಒದ್ದೆ ಅರಿವೆಯಿಂದ ಕಲ್ಲೊರೆಸಿ, ಮೇಲಿನಿಂದ ನಾಲ್ಕನೆಯ ಸಾಲಿಗೆ ಬೀರಪ್ಪನ ಭಂಡಾರದ ಅರಿಶಿನ ಹಚ್ಚಿ ಕೈಮುಗಿದು ಬರುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. ಆ ಸಾಲಿನಲ್ಲಿ ಅವಳ ಹೆಸರಿದೆ ಎಂದು ಮಗ ದುಂಡೇಶ ಅವಳ ಬೆರಳು ಹಿಡಿದು ತೋರಿಸಿದ್ದ. ಸ್ಮಾರಕ ಕಮಿಟಿಯವರು ಬರುವ ದಿನ ಮಾತ್ರ ಅವನೇ ಆ ಅರಿಶಿನವನ್ನು ತಿಕ್ಕಿ ತೊಳೆಯುತ್ತಿದ್ದ.

ದಾನಿಯೇಲಪ್ಪನವರು ಹೆಸರಾಂತ ಮೆಥೋಡಿಸ್ಟ್ ಬೋಧಕರು. ಏಕತಾರಿ ಹಿಡಿದು ಹಾಡಿ ಹೇಳುತ್ತಿದ್ದರೆ ಮುಧೋಳದಿಂದ ಬನಹಟ್ಟಿಯವರೆಗೂ ಜಾತಿ ಕೇಳದೆ ಜನ ಕೂಡುತ್ತಿತ್ತಂತೆ. ಮೂವತ್ತೈದು ವರ್ಷಗಳ ಹಿಂದೆ ಗಲಗಲಿಗೆ ಬಂದವರು ಹಾಡುತ್ತಲೇ ಕುಸಿದರು. ಲಕ್ವ ಹೊಡೆದು ಬಲಗಡೆಯ ಕೈಕಾಲು ಬಿದ್ದುಹೋದವು. ಅವರ ಚರ್ಚಿನ ಸಭೆಯವರು ಜೀಪಿನಲ್ಲಿ ಒಮ್ಮೆ ಬಂದು, ಹಣ್ಣು ಇಟ್ಟು, ಗಾಡಿ ಕಳಿಸುತ್ತೇವೆಂದು ಹೇಳಿ ಹೋದರು. ಗಾಡಿ ಬರಲಿಲ್ಲ. ಮಾಯವ್ವ ತನ್ನ ಕುರಿದೊಡ್ಡಿಯ ಒಂದು ಮೂಲೆ ಸಾರಿಸಿ ಅವರನ್ನು ಮಲಗಿಸಿಕೊಂಡಳು. ಆಗ ಅವಳಿಗೆ ಇಪ್ಪತ್ನಾಲ್ಕು.

"ಆ ಮುದುಕ ಇರಬೇಕು, ಇಲ್ಲಾ ನಾ ಇರಬೇಕು," ಎಂದ ಗಂಡ ಮಾಳಿಂಗರಾಯ.

"ಹೊರಗ ಒಗದ್ರ ನಾಯಿ ತಿಂತಾವ ಅವರನ್ನ," ಎಂದಳು ಮಾಯವ್ವ.

ಮಾಳಿಂಗರಾಯ ಕುರಿ ಹೊಡೆದುಕೊಂಡು ಹೋದವನು ಅನಗವಾಡಿಯಲ್ಲಿ ಬೇರೊಬ್ಬಳೊಡನೆ ಮನೆ ಹೂಡಿದ. ಪರಜಾತಿಯವರನ್ನು ದೊಡ್ಡಿಗೆ ಸೇರಿಸಿದಳೆಂದು ಓಣಿಯವರು ಮಾಯವ್ವನನ್ನು ನೀರಿನ ಬಾವಿಗೆ ಹತ್ತಗೊಡಲಿಲ್ಲ. ಹನ್ನೊಂದು ತಿಂಗಳು ಅವಳು ಹೊಳೆಯಿಂದ ನೀರು ಹೊತ್ತು, ಬೆನ್ನಿನ ಹುಣ್ಣು ತೊಳೆದು, ಅಂಬಲಿಯನ್ನು ಬೆರಳಿನಿಂದ ಬಾಯಿಗಿಟ್ಟಳು. ಕೊನೆಯ ದಿನ ನುಂಗಲೂ ಆಗದಿದ್ದಾಗ ಸೆರಗಿನ ತುದಿ ಅದ್ದಿ ತುಟಿಯ ಮೇಲೆ ಹಿಂಡಿದಳು. ಮಣ್ಣು ಕೊಡಲು ಮಾತ್ರ ಸಭೆಯವರು ತಪ್ಪದೆ ಬಂದರು. ಹೂವು ತುಂಬಿದ ಜೀಪಿನಲ್ಲಿ ಅವಳಿಗೆ ಜಾಗ ಇರಲಿಲ್ಲ.

ವರ್ಷಗಳು ಕಳೆದ ಮೇಲೆ ಜಮಖಂಡಿಯಿಂದ ಸ್ಮಾರಕ ಕಮಿಟಿಯ ಕಾರ್ಯದರ್ಶಿ ಪ್ರಭುದಾಸ ಬಂದ. ಹೊಳೆದಂಡೆಯ ದೊಡ್ಡಿಯ ಜಾಗ ಬಿಟ್ಟುಕೊಟ್ಟರೆ ಪ್ರಾರ್ಥನೆಯ ಹಾಲ್ ಕಟ್ಟಿ, ಕಲ್ಲು ನಿಲ್ಲಿಸಿ, ದುಂಡೇಶನನ್ನು ಕಾವಲಿಗೆ ಇಟ್ಟುಕೊಳ್ಳುತ್ತೇವೆ ಎಂದ. "ಕಲ್ಲಿನ್ಯಾಗ ನಿಮ್ಮ ಹೆಸರೂ ಬರ್ತೈತ್ರಿ ಮಾಯವ್ವ," ಎಂದ. ಅವಳು ಹೆಬ್ಬೆಟ್ಟು ಒತ್ತಿಕೊಟ್ಟಳು.

ಈ ಸಲದ ಬೇಸಿಗೆಯಲ್ಲಿ ಕಾವ್ಯ ಎಂಬ ಕಾಲೇಜು ಹುಡುಗಿ ಜಮಖಂಡಿಯಿಂದ ಬಂದು ಮೊಬೈಲಿನಲ್ಲಿ ಕಲ್ಲಿನ ಫೋಟೋ ತೆಗೆಯುತ್ತಿದ್ದಳು. ಮಾಯವ್ವ ಹಿಗ್ಗಿನಿಂದ ಹತ್ತಿರ ಹೋದಳು.

"ನನ್ನ ಹೆಸರು ಓದವ್ವಾ ಒಮ್ಮೆ. ಇಲ್ಲೈತಿ ನೋಡು, ಅರಿಶಿಣ ಹಚ್ಚಿದಲ್ಲಿ."

"ನಿಮ್ಮ ಹೆಸರೇನ್ ಆಯಿ?"

"ಮಾಯವ್ವ."

ಹುಡುಗಿ ಮೇಲಿನಿಂದ ಕೆಳಗೆ ಎರಡು ಸಲ ಓದಿದಳು. "ಹಂತಾ ಹೆಸರು ಎಲ್ಲೂ ಇಲ್ಲಲ್ರಿ."

"ಹಂಗಾದ್ರ ಅಲ್ಲೇನು ಬರದಾರ?"

ಕಾವ್ಯ ತಡವರಿಸುತ್ತ ಓದಿದಳು: "'ಬಾಯಿಗೆ ಹನಿ ನೀರು ಬಿಡುವವರೂ ಇಲ್ಲದೆ, ಏಕಾಂಗಿಯಾಗಿ ಪ್ರಭುವಿನ ಪಾದ ಸೇರಿದರು.'"

ಮಾಯವ್ವ ಇನ್ನೊಮ್ಮೆ ಓದಿಸಿದಳು. ಆಮೇಲೆ ಕಲ್ಲಿನ ಬುಡದಲ್ಲೇ ಕುಳಿತುಬಿಟ್ಟಳು. ಎರಡು ವರ್ಷ ಆ ಮಾತಿಗೆ ತಾನೇ ಪೂಜೆ ಮಾಡಿದ್ದಳು.

ಮಧ್ಯಾಹ್ನ ದುಂಡೇಶ ಊಟಕ್ಕೆ ಬಂದಾಗ ಅವಳು ಕೇಳಿದಳು, "ನಿನಗ ಗೊತ್ತಿತ್ತೇನ್ ಲೇ?"

"ಗೊತ್ತಿತ್ತು." ಅವನು ರೊಟ್ಟಿ ಮುರಿಯುತ್ತಲೇ ಇದ್ದ. "ಕಲ್ಲು ನಿಲ್ಲಿಸೋಕಿನ ಮೊದಲ ಓದಿದ್ದೆ."

"ಮತ್ತ ಯಾಕ ಸುಳ್ಳು ತೋರಿಸಿದಿ?"

"ನೀ ಕಾಡಾಕತ್ತಿದ್ದಿ, ತೋರಿಸಿದೆ. ಆ ಮುದುಕನ ಸಲುವಾಗಿ ನಮ್ಮಪ್ಪನ್ನ ಕಳಕೊಂಡಿ. ಐದು ವರ್ಷದಾಂವ ಇದ್ದೆ ನಾ. ಸಾಲ್ಯಾಗ ನನ್ನ ಬಾಜೂಕ ಒಬ್ಬಾವ ಕುಂಡ್ರತಿರಲಿಲ್ಲ. ಅವರ ಹುಣ್ಣು ತೊಳದ ಕೈಲೆ ನನಗ ಉಣ್ಣಾಕ ಹಾಕತಿದ್ದಿ ಬೇ! ನಿನ್ನ ಹೆಸರು ಆ ಕಲ್ಲಿನ್ಯಾಗ ಇಲ್ಲದ್ದ ಛಲೋ ಆಗೈತಿ."

ಅವನು ಕೈ ತೊಳೆದು ಎದ್ದು ಹೋದ. ಸೊಸೆ ವೈಶಾಲಿ ತಲೆ ತಗ್ಗಿಸಿ ತಾಟು ಎತ್ತಿದಳು. ಅವಳೂ ಓದು ಬಲ್ಲವಳೆಂಬುದು ಮಾಯವ್ವನಿಗೆ ಆಗ ನೆನಪಾಯಿತು.

ಮರುದಿನ ಮಾಯವ್ವ ಬಸ್ಸು ಹತ್ತಿ ಜಮಖಂಡಿಗೆ ಹೋದಳು. ಪ್ರಭುದಾಸ ಅವಳನ್ನು ಮರ್ಯಾದೆಯಿಂದಲೇ ಕುರ್ಚಿಯ ಮೇಲೆ ಕೂಡಿಸಿ ಚಹಾ ತರಿಸಿದ.

"ನಾ ನೀರು ಬಿಟ್ಟೇನ್ರಿ. ಯಾರೂ ಇರಲಿಲ್ಲ ಅಂತ ಹೆಂಗ ಬರದ್ರಿ?"

"ಖರೆ ಐತ್ರಿ ಮಾಯವ್ವ, ನಾ ಇಲ್ಲ ಅನ್ನಂಗಿಲ್ಲ. ಆದರ ಅವರು ಒಬ್ಬರ ಸತ್ರು ಅಂದ್ರ ಜನಾ ಅಳ್ತಾರ. ಕುರಬರಾಕಿ ಜ್ವಾಕಿ ಮಾಡಿದಳು ಅಂದ್ರ, ನಮ್ಮವರು ಎಲ್ಲಿದ್ರು ಅಂತ ಕೇಳ್ತಾರ. ನಮ್ಮ ಹಿರ್ಯಾರ ಮಾನಾ ಹೊಕ್ಕೈತಿ." ಅವನು ಬಾಗಿಲತನಕ ಬಂದು ಬೀಳ್ಕೊಟ್ಟ. ಅಂಗಳ ದಾಟುವಾಗ ಮೆಲ್ಲಗೆ ಹೇಳಿದ, "ನಿಮ್ಮ ಮಗನ ಕೆಲಸಾ ನಡದೈತಿ. ನಡೀಲಿ ಬಿಡ್ರಿ."

ಅವಳು ಬಿಡಲಿಲ್ಲ. ಕಲ್ಲು ನೋಡಲು ಬಂದವರ ಮುಂದೆಲ್ಲ ಹನ್ನೊಂದು ತಿಂಗಳ ಕಥೆ ಹೇಳತೊಡಗಿದಳು. ದುಂಡೇಶ ಗೇಟಿನ ಬಳಿ ನಿಂತು, "ತಲಿ ಸರಿ ಇಲ್ರಿ ಅಕಿಗೆ," ಎನ್ನುತ್ತಿದ್ದ. ಬಂದವರು ಅಯ್ಯೋ ಎಂದು ಅವಳ ಕೈಯಲ್ಲಿ ಹತ್ತು ರೂಪಾಯಿ ಇಟ್ಟು ಹೋಗುತ್ತಿದ್ದರು.

ಪಾಸ್ಟರರ ಪುಣ್ಯದಿನಕ್ಕೆ ನಾಲ್ಕು ಬಸ್ಸು ಜನ ಬಂದರು. ಅಂದು ಬೆಳಗಾಗುತ್ತಲೇ ದುಂಡೇಶ ಅವ್ವನನ್ನು ಒಳಕೋಣೆಯಲ್ಲಿ ಬಿಟ್ಟು ಹೊರಗಿನಿಂದ ಚಿಲಕ ಹಾಕಿದ. ಧ್ವನಿವರ್ಧಕದಲ್ಲಿ ಪ್ರಭುದಾಸನ ಮಾತು ಮನೆಯವರೆಗೂ ಕೇಳುತ್ತಿತ್ತು. ಮಹಾನುಭಾವರು ಕುರಿದೊಡ್ಡಿಯ ಹಿಕ್ಕೆಯಲ್ಲಿ ಬಿದ್ದು ನೀರು ನೀರು ಎಂದರೂ ಈ ಊರಿನಲ್ಲಿ ಓಗೊಡುವ ಒಂದು ಜೀವ ಇರಲಿಲ್ಲ ಎಂದು ಅವನು ಹೇಳುವಾಗ ಹೆಂಗಸರು ಬಿಕ್ಕುವುದೂ ಕೇಳಿಸಿತು. ಮಾಯವ್ವ ಒಮ್ಮೆ ಕೂಗಿದಳು. ಓಣಿಯವರೆಲ್ಲ ಊಟದ ಪೆಂಡಾಲಿನಲ್ಲಿದ್ದರು.

ಸಂಜೆ ಚಿಲಕ ತೆಗೆದ ದುಂಡೇಶ ಪೆಂಡಾಲಿನಿಂದ ಕಾಗದದಲ್ಲಿ ಕಟ್ಟಿ ತಂದ ಬುಂದಿ ಮುಂದಿಟ್ಟ. ಬೆಳಗಿನಿಂದ ಅವಳು ಏನೂ ತಿಂದಿರಲಿಲ್ಲ. ಪೊಟ್ಟಣ ಬಿಚ್ಚಿ, ಮಗನ ಮುಖ ನೋಡದೆ, ಒಂದು ಕಾಳೂ ಬಿಡದಂತೆ ತಿಂದಳು.