ದಿಮ್ಮಿಗೆ ಬಳಿದ ಮೇಣ

ಮೊನ್ನೆ ಸಂಜೆ ಕರೆಂಟು ಹೋಯಿತು, ಯುಪಿಎಸ್ಸೂ ಕೈಕೊಟ್ಟಿತು. ಹುಡುಕಾಡಿ ಒಂದು ಮೇಣದಬತ್ತಿ ಹಚ್ಚಿದೆ. ಕರೆಂಟು ಬಂದ ಮೇಲೆ ಊದಿ ಆರಿಸಿದಾಗ ಆ ಸುಟ್ಟ ಮೇಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಎದುರುಮನೆ ದೊಡ್ಡವ್ವ ಅಂಗಳದಲ್ಲಿ ಬಾಣಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತದ್ದು ಕಣ್ಣಿಗೆ ಕಟ್ಟಿತು…

ನಮಗೇನೂ ನೆಂಟಳಲ್ಲ. ಶಿಕಾರಿಪುರದ ನಮ್ಮ ಓಣಿಗೆಲ್ಲ ಅವಳು ದೊಡ್ಡವ್ವ. ಸಾಮಿಲ್ಲಿನಲ್ಲಿ ಮರ ಕೊಯ್ಯುತ್ತಿದ್ದ ಗಂಡ ತೀರಿಕೊಂಡಿದ್ದರು. ಅವರು ನೆಟ್ಟ ಹಲಸಿನ ಮರ ಚರಂಡಿಗೆ ಅಡ್ಡ ಬಂತೆಂದು ಕಡಿಸಬೇಕಾಯಿತು. ಸೊರಬದ ಕಡೆ ಕೊಟ್ಟಿದ್ದ ಒಬ್ಬಳೇ ಮಗಳು ಬಹಳ ವರ್ಷದ ಮೇಲೆ ಬಸುರಿಯಾಗಿದ್ದಳು ಆಗ. ಅಜ್ಜ ನೆಟ್ಟ ಮರದಲ್ಲೇ ಮೊಮ್ಮಗುವಿಗೆ ತೊಟ್ಟಿಲಾಗಬೇಕು ಎಂಬುದು ದೊಡ್ಡವ್ವನ ಆಸೆ. ಆದರೆ ಹೆರಿಗೆಗೆ ಮೊದಲೇ ತೊಟ್ಟಿಲು ಮಾಡಿಸುವಂತಿಲ್ಲವಲ್ಲ. ಹಾಗಾಗಿ ದಿಮ್ಮಿಯನ್ನು ಕೊಯ್ಯಿಸದೆ ಕಾದಿಡಬೇಕಿತ್ತು.

ಹಸಿ ದಿಮ್ಮಿ ತುದಿಯಿಂದಲೇ ಒಣಗುತ್ತದೆ, ಅಲ್ಲೇ ಬಿರುಕು ಬಿಟ್ಟು ಒಳಗೆ ಓಡುತ್ತದೆ, ಕಡಿದ ದಿನವೇ ಎರಡೂ ತುದಿ ಮುಚ್ಚಬೇಕು ಎಂದು ಗಂಡ ಹೇಳುತ್ತಿದ್ದರಂತೆ. ಮಿಲ್ಲಿನವರು ಬಣ್ಣ ಬಳಿಯುತ್ತಾರೆ. ದೊಡ್ಡವ್ವ ಮೇಣ ಬಳಿಯಲು ಹೊರಟಳು. ಕರೆಂಟು ಬಂದರೆ ಬಂತು ಎನ್ನುವ ಕಾಲ ಅದು, ಮೇಣದಬತ್ತಿಯ ಮೋಟು ಇಲ್ಲದ ಮನೆಯೇ ಇರಲಿಲ್ಲ. ಸೆರಗೊಡ್ಡಿಕೊಂಡು ಓಣಿಯೆಲ್ಲ ತಿರುಗಿದಳು. ನಾನೂ ಕೊಟ್ಟೆ, ಮಗನ ಹುಟ್ಟುಹಬ್ಬದ ಪುಟ್ಟ ಕೆಂಪು ಬತ್ತಿಗಳನ್ನೂ ಸೇರಿಸಿ. ಭಿಕ್ಷೆಗೆ ಹೊರಟೆಯಾ ಎಂದು ರೇಗಿಸಿದ್ದಕ್ಕೆ, ಮೊಮ್ಮಗುವಿಗೆ ಎತ್ತುವ ಭಿಕ್ಷೆಗೆ ನಾಚಿಕೆ ಎಂಥದು ಎಂದು ನಕ್ಕಿದ್ದಳು.

ಎಲ್ಲ ಕರಗಿಸಿ, ತೆಂಗಿನ ನಾರಿನಿಂದ ದಿಮ್ಮಿಯ ಎರಡೂ ಮುಖಕ್ಕೆ ಬಳಿದಳು, ಎಳೆಗೂಸಿನ ನೆತ್ತಿಗೆ ಎಣ್ಣೆ ಹಚ್ಚುವ ಹಾಗೆ. ನೆಲದ ತೇವ ತಾಗದಂತೆ ಸೂರಿನ ಕೆಳಗೆ ಕಲ್ಲುಗಳ ಮೇಲೆ ಮಲಗಿಸಿದಳು.

ಎಂಟು ತಿಂಗಳಿಗೆ ಕೂಸು ಹೊಟ್ಟೆಯಲ್ಲೇ ಹೋಯಿತು. ಶಿವಮೊಗ್ಗದ ಆಸ್ಪತ್ರೆಯಿಂದ ತಾಯಿ ಮಗಳು ಬರಿಗೈಯಲ್ಲಿ ಬಂದಿಳಿದದ್ದನ್ನು ನೋಡಲಾಗಲಿಲ್ಲ…

ಊರ ಬಾಯಿಗೆ ಬೀಗ ಹಾಕುವವರು ಯಾರು? ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಳು, ಅದಕ್ಕೇ ಹೀಗಾಯಿತು ಎಂದರು. ಮೇಣ ಕೊಟ್ಟವರೇ ಅಂದರು. ಅಪಶಕುನದ ಮರ, ಸೀಳಿ ಒಲೆಗೆ ಹಾಕು ಎಂದೂ ಹೇಳಿದರು. ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ದೊಡ್ಡವ್ವ ಯಾರಿಗೂ ಎದುರಾಡಲಿಲ್ಲ. ಒಮ್ಮೆ ಮಾತ್ರ, ಅಕ್ಕಿ ಆರಿಸುತ್ತಾ, ತಲೆ ಎತ್ತದೆ ನನ್ನನ್ನು ಕೇಳಿದಳು:

“ನಾ ಆಸೆಪಟ್ಟಿದ್ದಕ್ಕ ಕೂಸು ಹೋತೇನು ತಾಯಿ?”

ಇಲ್ಲ ದೊಡ್ಡವ್ವ, ಅದಕ್ಕೂ ಇದಕ್ಕೂ ಏನು ಸಂಬಂಧ ಎಂದೆ. ಅವಳು ನಂಬಲಿಲ್ಲ. ಆದರೆ ದಿಮ್ಮಿಯನ್ನು ಒಲೆಗೂ ಹಾಕಲಿಲ್ಲ. ಬೇಸಿಗೆಯಲ್ಲಿ ಮೇಣ ಹಕ್ಕಳೆಯೆದ್ದರೆ ಮತ್ತೆ ಬಾಣಲೆ ಇಡುತ್ತಿದ್ದಳು. ಆಮೇಲಾಮೇಲೆ ಯಾರ ಮನೆಗೂ ಕೇಳಿಕೊಂಡು ಹೋಗುತ್ತಿರಲಿಲ್ಲ. ನಾನೇ ಮೋಟುಗಳನ್ನು ಡಬ್ಬಿಯಲ್ಲಿ ಕೂಡಿಟ್ಟು ಕೊಟ್ಟು ಬರುತ್ತಿದ್ದೆ.

ಮಗಳಿಗೆ ಮತ್ತೆ ಮಕ್ಕಳಾಗಲಿಲ್ಲ. ದೊಡ್ಡವ್ವ ತೀರಿಕೊಂಡು ತಿಥಿಯೆಲ್ಲ ಮುಗಿದ ಮೇಲೆ ಆ ಮಗಳೇ ದಿಮ್ಮಿಯನ್ನು ಕೊಯ್ಯಿಸಲೆಂದು ಟ್ರ್ಯಾಕ್ಟರಿಗೆ ಹಾಕಿಸಿದಳು. ಒಬ್ಬಳೇ ಹೋಗಲು ಧೈರ್ಯವಿಲ್ಲ ಎಂದು ನನ್ನನ್ನೂ ಕರೆದಳು. ಮಿಲ್ಲಿನಲ್ಲಿ ಗರಗಸ ಈ ತುದಿಯಿಂದ ಆ ತುದಿಗೆ ಹಾಯ್ದು, ಹಲಗೆ ಕಳಚಿ ಬಿತ್ತು. ಅರಿಶಿನದ ಬಣ್ಣ. ಆಮೇಲೆ ಇನ್ನೊಂದು, ಮತ್ತೊಂದು. ಅವಳು ಒಂದೊಂದರ ಮೇಲೂ ಅಂಗೈ ಆಡಿಸಿ ನೋಡಿದಳು.

“ಒಂದು ಬಿರುಕಿಲ್ಲ ನೋಡಕ್ಕ” ಎಂದಳು. ಹಲಗೆಯ ಮೇಲಿನ ಹುಡಿ ಒರೆಸುತ್ತಾ, “ಇದನ್ನ ಅವ್ವಂಗೆ ಯಾರು ಹೇಳ್ಬೇಕು?”

ನನಗೆ ಅಳು ತಡೆಯಲಾಗಲಿಲ್ಲ…

ಮೊನ್ನೆ ಆರಿಸಿದ ಬತ್ತಿಯ ಮೋಟನ್ನು ಎಸೆಯಲು ಕೈ ಬರಲಿಲ್ಲ. ಡಬ್ಬಿ ಇನ್ನೂ ಅದೇ ಜಾಗದಲ್ಲಿದೆ. ಅದರೊಳಗೆ ಹಾಕಿ ಮುಚ್ಚಳ ಮುಚ್ಚಿದೆ. ಕೊಟ್ಟು ಬರಲು ಎದುರುಮನೆಯಲ್ಲಿ ಯಾರೂ ಇಲ್ಲ.