ಐಸ್ ಮೇಸ್ತ್ರಿಯ ಕಾಗದದ ಪಟ್ಟಿ

ಆ ಹಳೆಯ ಡೇಟಾ ಸೆಂಟರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಏಸಿ ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಐಸ್ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಸ್ವೆಟರಿಲ್ಲದೆ ಒಳಗೆ ಹೋದವರ ಹಲ್ಲು ಕಟಕಟ ಎನ್ನಬೇಕು, ಆಗಲೇ ಅವನಿಗೆ ಸಮಾಧಾನ. ಆರು ದೈತ್ಯ ಏಸಿಗಳು, ಆರಕ್ಕೂ ಅವನೇ ದಿಕ್ಕು. ಒಂದು ಗೊರಗೊರ ಎಂದರೂ ಮ್ಯಾನೇಜರ್ ಓಡಿ ಬರುತ್ತಿದ್ದುದು ಇವನ ಹತ್ತಿರ.

ಅಂಥ ಜಾಗಕ್ಕೆ ಕರೆಂಟು ಉಳಿಸುವ ಎಂಜಿನಿಯರಾಗಿ ಬಂದು ವಕ್ಕರಿಸಿದ್ದು ಯಾರು ಅಂತೀರಿ? ಅವನ ಷಡ್ಡಕ, ಹೆಂಡತಿಯ ತಂಗಿಯ ಗಂಡ! "ನಮ್ಮ ತಂಗಿ ಗಂಡನ್ನ ನೋಡಿ, ಎಷ್ಟು ಚುರುಕು" ಎಂಬ ಹೆಂಡತಿಯ ಜಪ ಕೇಳಿ ಕೇಳಿ ಮೇಸ್ತ್ರಿಯ ಕಿವಿ ಮೊದಲೇ ತೂತಾಗಿತ್ತು. ಈಗ ಕೆಲಸದಲ್ಲೂ ಅದೇ ಗ್ರಹಚಾರ.

ಷಡ್ಡಕ ಮಾಡಿದ್ದೇನು ಮಹಾ? ಸರ್ವರ್ ಇಡುವ ಬೀರುಗಳ ಖಾಲಿ ಖಾನೆಗಳಿಗೆ ತಗಡು ಮುಚ್ಚಿದ, ನೆಲದಲ್ಲಿ ವೈರು ಇಳಿಯುವ ತೂತುಗಳಿಗೆ ಫೋಮು ತುರುಕಿದ. ಸರ್ವರುಗಳ ಹಿಂಬದಿಯಿಂದ ಬರುವ ಬಿಸಿಗಾಳಿ ಮುಂದಿನ ತಂಪಿಗೆ ನುಸುಳುವುದು ನಿಂತಿತು. ವಾರದೊಳಗೆ ಎರಡು ಏಸಿ ಬಂದ್! ಸರ್ವರುಗಳು ತಣ್ಣಗೇ ಇದ್ದವು, ಉರಿದದ್ದು ಮೇಸ್ತ್ರಿಯ ಹೊಟ್ಟೆ.

ಯಾಕೆಂದರೆ ಈ ಗುಟ್ಟು ಅವನಿಗೆ ಏಳು ವರ್ಷದ ಹಿಂದೆಯೇ ಗೊತ್ತಿತ್ತು. ಕೊನೆಯ ಬೀರುವಿನ ಖಾಲಿ ಖಾನೆಗೆ ತೆಳು ಕಾಗದದ ಪಟ್ಟಿ ಅಂಟಿಸಿ, ಅದು ಬಿಸಿಗಾಳಿಗೆ ಮುಂದಕ್ಕೆ ಹಾರಾಡುವುದನ್ನು ಕಂಡು, ಅದರ ಮೇಲೆ ತಾರೀಖನ್ನೂ ಬರೆದಿದ್ದ. ಬಾಯಿ ಮಾತ್ರ ಬಿಡಲಿಲ್ಲ. ಏಸಿ ಕಮ್ಮಿಯಾದರೆ ಐಸ್ ಮೇಸ್ತ್ರಿಯನ್ನು ಯಾರು ಕೇಳುತ್ತಾರೆ?

ಅವತ್ತು ಮುಚ್ಚುವುದಕ್ಕೆ ಉಳಿದಿದ್ದುದು ಅದೇ ಕೊನೆಯ ಬೀರು. ಮ್ಯಾನೇಜರ್ ಬಂದು ನಿಂತರು.

"ಅಲ್ರೀ ಮೇಸ್ತ್ರಿ, ಇಷ್ಟು ವರ್ಷ ಇಲ್ಲೇ ಇದ್ದೀರಿ. ಇದು ನಿಮಗೆ ಗೊತ್ತೇ ಆಗ್ಲಿಲ್ವಾ?"

ಗೊತ್ತಿತ್ತು ಎಂದರೆ ಕೆಲಸಕ್ಕೆ ಕುತ್ತು. ಇಲ್ಲ ಎಂದರೆ ದಡ್ಡ, ಅದೂ ಷಡ್ಡಕನ ಎದುರಿಗೆ. ಅಷ್ಟರಲ್ಲಿ ಷಡ್ಡಕ ಬೀರುವಿನ ಬಾಗಿಲು ತೆಗೆದ. ಪಟ್ಟಿ ಪಟಪಟ ಹಾರುತ್ತಿತ್ತು. ಅದರ ಮೇಲಿನ ತಾರೀಖು ಯಾರ ಅಕ್ಷರವೆಂದು ಷಡ್ಡಕನಿಗೆ ಗೊತ್ತಾಗದೆ ಇರುತ್ತದೆಯೇ?

"ಇಲ್ಲ ಸಾರ್, ಗೊತ್ತಾಗ್ಲಿಲ್ಲ," ಎಂದ ಮೇಸ್ತ್ರಿ.

ಷಡ್ಡಕ ಪಟ್ಟಿ ನೋಡಿದ, ಮೇಸ್ತ್ರಿಯ ಮುಖ ನೋಡಿದ. ಮ್ಯಾನೇಜರಿಗೆ ಕಾಣದಂತೆ ಮೆಲ್ಲಗೆ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡ.

"ಗಾಳಿ ಕಣ್ಣಿಗೆ ಕಾಣುತ್ತಾ ಸಾರ್? ಅಣ್ಣ ಇಲ್ದಿದ್ರೆ ಈ ಏಸಿಗಳು ಎಂದೋ ಗುಜರಿಗೆ ಹೋಗ್ತಿದ್ವು."

ಮ್ಯಾನೇಜರ್ ತಲೆಯಾಡಿಸಿ ಹೋದರು.

ಥೂ ಇವನ! ಚಾಡಿ ಹೇಳಿದ್ದರೆ ಮನೆಗೆ ಹೋಗಿ ಹೆಂಡತಿಯ ಮುಂದೆ ಅವನನ್ನು ಮನಸಾರೆ ಬೈಯಬಹುದಿತ್ತು. ಆ ಒಂದು ಸುಖವನ್ನೂ ಕಿತ್ತುಕೊಂಡನಲ್ಲ.

"ಅಣ್ಣಾ, ಆ ತಗಡು ಸ್ವಲ್ಪ ಹಿಡ್ಕೊಳ್ತೀರಾ?"

ಮೇಸ್ತ್ರಿ ಹಿಡಿದುಕೊಂಡ.